ಅದು ಯಾರ ಮಾತು?

ಪ್ರೀತಿಯ ತಂಗೀ,

ನಿನ್ನ ಕಾಗದ, ಜೊತೆಗಿಟ್ಟಿದ್ದ ಅನುವಾದದ ಹಾಳೆಗಳು ಎರಡೂ ಬಂದವು. ‘ಸಬ್‌ಜಂಕ್ಟಿವ್ ಕಂಡರೆ ಲ್ಯಾಟಿನ್ ಸಹವಾಸವೇ ಸಾಕು ಅನ್ನಿಸುತ್ತೆ’ ಅಂತ ಬರೆದಿದ್ದೀಯ. ಆಸೆ, ಊಹೆ, ಇನ್ನೊಬ್ಬರ ಮಾತು ಇಂಥದ್ದಕ್ಕೆಲ್ಲ ಬರುವ ಆ ಕ್ರಿಯಾರೂಪ ಕಾಡುತ್ತೆ, ಆದರೂ ಬಿಡಬೇಡ ಮಾರಾಯ್ತಿ. ನಿನ್ನ ಕನ್ನಡದಲ್ಲಿ ಜೀವ ಇದೆ.

ಕ್ರಿಯಾರೂಪಗಳನ್ನು ಬಾಯಿಪಾಠ ಮಾಡೋದು ಹೇಗೆ ಅಂತ ಮಾತ್ರ ನನ್ನನ್ನು ಕೇಳಬೇಡ. ವ್ಯಾಕರಣದ ಪುಸ್ತಕ ಇದೆ, ಕೂತು ಕಲಿ. ‘ವಿವಾಮುಸ್’ ಅಂದರೆ ಬದುಕೋಣ, ಸಮಾಧಿಕಲ್ಲಿನ ‘ರೆಕ್ವಿಯೆಸ್ಕಾತ್’ ಅಂದರೆ ವಿಶ್ರಮಿಸಲಿ. ಇಂಥವು ನಿನಗೆ ಆಗಲೇ ಸಲೀಸಾಗಿ ಬರುತ್ತವೆ.

ನನಗೆ ಸಿಟ್ಟು ಬಂದದ್ದು ನಿನ್ನ ‘ಬಹುದು’ಗಳ ಮೇಲೆ. ಇಂಗ್ಲಿಷ್ ಪಾಠದಲ್ಲಿ ಕಲಿತ ‘ಮೇ’, ‘ಮೈಟ್’ಗಳನ್ನು ಸುಮ್ನೆ ಕನ್ನಡಕ್ಕೆ ಎಳೆದು ತಂದಿದ್ದೀಯ. ಪ್ರೀತಿ, ದ್ವೇಷ ಎರಡೂ ಒಟ್ಟಿಗೆ ಇವೆ ಅನ್ನುವ ರೋಮನ್ ಕವಿ ಕಟಲಸ್‌ನ ಎರಡು ಸಾಲಿನ ಕವಿತೆಯಲ್ಲಿ ‘ಯಾಕೆ ಹೀಗೆ ಮಾಡಬಹುದು’ ಎಂದು ಹಾಕಿದ್ದೀಯ. ತಾನು ಮಾಡುತ್ತಿರುವುದರ ಬಗ್ಗೆ ಅವನಿಗೆ ಅನುಮಾನವೇ ಇಲ್ಲ. ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಸೇರಿಕೊಂಡಿದೆ, ಅದಕ್ಕೆ ಸಬ್‌ಜಂಕ್ಟಿವ್ ಬಂದಿದೆ, ಅಷ್ಟೇ. ‘ಯಾಕೆ ಹೀಗೆ ಮಾಡ್ತೀಯ ಅಂತ ಕೇಳುತ್ತೀಯೇನೋ’ ಅಂದರೆ ಸಾಕು.

ನಾನು ಮುಖ್ಯವಾಗಿ ಹೇಳಬೇಕಾದದ್ದು ರೋಮಿನ ಸಿಸೆರೊ ಬರೆದಿರುವ, ಅಥೆನ್ಸಿನ ಮುಖಂಡ ಅರಿಸ್ಟೈಡೀಸ್ ವಿಷಯ. ನೀನು ಬರೆದದ್ದು ಹೀಗಿದೆ: ‘ಅವನು ಅತಿಯಾಗಿ ನ್ಯಾಯವಂತನಾಗಿದ್ದ, ಆದ್ದರಿಂದ ಅವನನ್ನು ದೇಶದಿಂದ ಹೊರಹಾಕಲಾಯಿತು.’ ನ್ಯಾಯ ಅತಿಯಾಗಿತ್ತು ಅಂತ ಹೇಳಿದವರು ಯಾರು? ಸಿಸೆರೊ ಅಂತೂ ಅಲ್ಲ. ಅವನು ‘ಎರಾತ್’ (ಇದ್ದ) ಎಂದು ಇಂಡಿಕೇಟಿವ್‌ನಲ್ಲಿ, ಅಂದರೆ ನೇರವಾಗಿ ಹೇಳುವ ರೂಪದಲ್ಲಿ ಬರೆದಿದ್ದರೆ ಅದು ಅವನದೇ ತೀರ್ಪಾಗುತ್ತಿತ್ತು. ಅವನು ಬರೆದದ್ದು ಅದರ ಸಬ್‌ಜಂಕ್ಟಿವ್ ರೂಪ ‘ಎಸ್ಸೆತ್’. ದೂರು ಅಥೆನ್ಸಿನ ಜನರದ್ದು. ಕ್ರಿ.ಪೂ. 482ರಲ್ಲಿ ಮಡಕೆ ಚೂರಿನ ಮೇಲೆ ಹೆಸರು ಗೀಚಿ ಮತ ಹಾಕಿ ಅವನನ್ನು ಓಡಿಸಿದವರು ಅವರೇ. ಸಿಸೆರೊ ಇದನ್ನು ಬರೆದದ್ದು ಕ್ರಿ.ಪೂ. 45ರಲ್ಲಿ. ಕ್ರಿ.ಪೂ. 58ರಲ್ಲಿ ಅವನೂ ರೋಮ್ ಬಿಟ್ಟು ಹೋಗಬೇಕಾಗಿ ಬಂದಿತ್ತು. ಊರು ಹೊರಿಸುವ ಆರೋಪ ಹೇಗಿರುತ್ತೆ ಅಂತ ಅವನಿಗೆ ಗೊತ್ತು. ಅಂಥವನು ಒಂದು ಕ್ರಿಯಾಪದದಲ್ಲೇ ದೂರನ್ನು ದೂರಿನವರಿಗೆ ವಾಪಸ್ ಕೊಟ್ಟಿದ್ದಾನೆ. ನೀನು ಅದನ್ನು ಕಿತ್ತು ಸಿಸೆರೊನ ಬಾಯಿಗೆ ತುರುಕಿದ್ದೀಯ! ‘ನ್ಯಾಯ ಅತಿಯಾಯ್ತು ಅಂತಲೇ ಅಲ್ಲವೇ ಅವನನ್ನು ಊರಿನಿಂದ ಓಡಿಸಿದ್ದು?’ ಒಂದು ‘ಅಂತ’ ಸಾಕಾಗಿತ್ತು.

ಹಾಗಂತ ಎಲ್ಲ ಕಡೆ ‘ಅಂತೆ’ ಅಂಟಿಸಬೇಡ. ಸಬ್‌ಜಂಕ್ಟಿವ್ ಬಂದರೆ ಮಾತು ಸುಳ್ಳು ಅಂತೇನೂ ಅಲ್ಲ. ರೋಮನ್ ಸೇನಾಪತಿ ಸೀಸರ್ ಗಾಲ್‌ನಲ್ಲಿ (ಈಗಿನ ಫ್ರಾನ್ಸ್ ಕಡೆ) ಇದ್ದಾಗ ಅಲ್ಲಿನ ಹೇಡುಯಿ ಬುಡಕಟ್ಟಿನ ಜನರ ಹತ್ತಿರ ದಿನಾ ಧಾನ್ಯ ಕೇಳುವ ಜಾಗ ನೋಡು. ಅವರು ಮಾತು ಕೊಟ್ಟದ್ದು ನಿಜ. ಆದರೂ ಅಲ್ಲಿ ‘ಎಸ್ಸೆಂತ್ ಪೊಲ್ಲಿಕಿತಿ’ (ಮಾತು ಕೊಟ್ಟಿದ್ದರು) ಅನ್ನುವ ಸಬ್‌ಜಂಕ್ಟಿವ್ ಇದೆ. ಯಾಕೆಂದರೆ ಅದು ಸೀಸರ್ ಅವರಿಗೆ ಮತ್ತೆ ಮತ್ತೆ ನೆನಪಿಸಿದ ಮಾತು. ‘ಕೊಡ್ತೀವಿ ಅಂದಿದ್ರಲ್ಲ, ಎಲ್ಲಿ ಧಾನ್ಯ?’ ಎಂದು ದಿನಾ ಪೀಡಿಸುತ್ತಿದ್ದ ಅಂತ ಬರೆ. ‘ಕೊಡುತ್ತೇವೆ ಅಂದಿದ್ದರಂತೆ’ ಎಂದರೆ ಇಲ್ಲದ ಅನುಮಾನ ಹುಟ್ಟುತ್ತೆ.

ಇಷ್ಟು ಹಟ ಯಾಕೆ ಅಂತೀಯಾ? ನನ್ನದೊಂದು ಅನುವಾದವನ್ನು ತಿದ್ದಿದವರು ‘ಓಟಕ್ಕೆ ಅಡ್ಡಿ’ ಎಂದು ‘ಎಂದು’, ‘ಅಂತ’ಗಳನ್ನೆಲ್ಲ ಹೊಡೆದುಹಾಕಿದರು. ನನಗೆ ತೋರಿಸಲೂ ಇಲ್ಲ. ಗಾಳಿಮಾತೆಲ್ಲ ಚರಿತ್ರೆಯಾಗಿ ಅಚ್ಚಾಯಿತು. ಪುಸ್ತಕಕ್ಕೆ ಹೊಗಳಿಕೆ ಬಂತು, ನೀರಿನಂತೆ ಹರಿಯುತ್ತೆ ಅಂದರು. ಆ ಹೊಗಳಿಕೆ ನನಗೆ ಇವತ್ತಿಗೂ ಬೇಡ. ಸತ್ತ ಮನುಷ್ಯನೊಬ್ಬ ಹೇಳದೇ ಇದ್ದದ್ದನ್ನು ಅವನ ಹೆಸರಲ್ಲಿ ಹೇಳಿಸಿದ ಹಾಗಾಯಿತು. ಅವನು ಎದ್ದು ಬಂದು ತಿದ್ದುವುದಿಲ್ಲ ಅಲ್ವಾ? ನಿನ್ನ ಹಾಳೆಗಳನ್ನು ಯಾರಾದರೂ ಹಾಗೆ ತಿದ್ದಿದರೆ ಜಗಳ ಆಡು, ಒಪ್ಪದಿದ್ದರೆ ವಾಪಸ್ ತಗೋ.

ಈಗ ಸೀಸರ್‌ನ ಪುಟಗಳನ್ನು ಮತ್ತೊಮ್ಮೆ ಮಾಡಿ ಕಳಿಸು. ‘ಕ್ವೊದ್’ (‘ಯಾಕೆಂದರೆ’ ಅಥವಾ ‘ಯಾವುದು’) ಬಂದಲ್ಲೆಲ್ಲ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಆ ಮಾತು ಯಾರದು ಅಂತ ಬರೆದಿರಲಿ. ಗೊತ್ತಾಗದ ಕಡೆ ಖಾಲಿ ಬಿಡು, ಊಹೆ ಬೇಡ. ಅಲ್ಲಿ ಒಟ್ಟಿಗೆ ಕೂತು ನೋಡೋಣ.

ನಿನ್ನ ಅಕ್ಕ