ಡೆಟ್ರಾಯಿಟ್ ಹತ್ತಿರದಿಂದ, ಅಪ್ಪನಿಗೆ

ತೀರ್ಥರೂಪ ಅಪ್ಪನಿಗೆ ಮಗಳ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮಂಡಿ ನೋವು ಈಗ ಹೇಗಿದೆ?

ಮೊನ್ನೆ ಫೋನಿನಲ್ಲಿ ನೀವು "ಅಲ್ಲಿ ನಮ್ಮ ಹುಡುಗರು ಅಂದ್ರೆ ಗಣಿತದಲ್ಲಿ ಹುಲಿಗಳಂತೆ" ಎಂದು ಖುಷಿಪಟ್ಟಿರಿ. ನಾನು ಮಾತು ಬದಲಾಯಿಸಿದೆ. ನಿಮ್ಮ ಮೊಮ್ಮಗನಿಗೆ ಗಣಿತ ಅಷ್ಟಕ್ಕಷ್ಟೆ. ಕ್ಲಾಸಿನ ಹುಡುಗನೊಬ್ಬ "ನೀನು ಇಂಡಿಯನ್ ಅಲ್ವಾ, ನಿನಗ್ಯಾಕೆ ಬರಲ್ಲ?" ಎಂದನಂತೆ. ಬೈಗುಳವಲ್ಲ, ಒಂಥರಾ ಹೊಗಳಿಕೆಯೇ. ಆದರೂ ಇವನು ಎರಡು ದಿನ ಸಪ್ಪಗಿದ್ದ.

ಕೆಟ್ಟದ್ದು ಹೇಳಿದರೆ ಮಾತ್ರ ನಾವು "ನಾವು ಹಾಗಲ್ಲ" ಎನ್ನುತ್ತೇವೆ. 1941ರಲ್ಲಿ ಜಪಾನ್ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದಾಗ ಇಲ್ಲಿನ ಎಷ್ಟೋ ಚೀನೀಯರು "ನಾನು ಚೀನಾದವನು" ಎಂದು ಬರೆದ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡು ಓಡಾಡಿದರು. ಅತ್ತ ಇಲ್ಲಿನ ಸರ್ಕಾರ ಜಪಾನಿ ಮೂಲದ ಸುಮಾರು 1,20,000 ಜನರನ್ನು ಬಂಧನ ಶಿಬಿರಗಳಿಗೆ ತುಂಬಿತು. ಅವರಲ್ಲಿ ಜಾಸ್ತಿ ಜನ ಅಮೆರಿಕದ ಪ್ರಜೆಗಳೇ. ಬಿಲ್ಲೆ ಹಾಕಿಕೊಂಡವರನ್ನು ನಾನೇನೂ ಬೈಯಲಾರೆ. ನೀವು ಬೊಂಬಾಯಿಯಲ್ಲಿದ್ದಾಗ "ಮದ್ರಾಸಿ" ಎಂದವರಿಗೆ ಏನೆನ್ನುತ್ತಿದ್ದಿರಿ, ನೆನಪಿದೆಯಾ? "ಮದ್ರಾಸಿ ಅಲ್ಲ ರೀ, ನಾನು ಕನ್ನಡದವನು." ಮದ್ರಾಸಿನವರಿಗೆ ಹಾಗೆ ಹಂಗಿಸಿದರೆ ಪರವಾಗಿಲ್ಲ ಅನ್ನೋ ಹಾಗೆ!

ಆ ಬಿಲ್ಲೆ ಎಷ್ಟು ದಿನ ಕಾದೀತು? 1982ರ ಜೂನ್‌ನಲ್ಲಿ, ನಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲಿ, ವಿನ್ಸೆಂಟ್ ಚಿನ್ ಎಂಬ 27 ವರ್ಷದ ಹುಡುಗನನ್ನು ಬೇಸ್‌ಬಾಲ್ ಬ್ಯಾಟಿನಿಂದ ಬಡಿದರು. ನಾಲ್ಕು ದಿನಕ್ಕೆ ಸತ್ತ. ಮದುವೆ ಹತ್ತಿರ ಬಂದಿತ್ತು. ಜಪಾನಿನ ಕಾರುಗಳಿಂದ ತಮ್ಮ ಕೆಲಸ ಹೋಗುತ್ತಿದೆ ಎಂದು ಊರಿಗೆ ಊರೇ ಕುದಿಯುತ್ತಿದ್ದ ಕಾಲ ಅದು. ಬಡಿದವನು ಕಾರ್ ಕಾರ್ಖಾನೆಯವನು, ಜೊತೆಗಿದ್ದವನು ಅವನ ಮಲಮಗ. ಚಿನ್ ಜಪಾನಿಯಲ್ಲ, ಚೀನೀ. ಅದನ್ನು ಯಾರು ಕೇಳಬೇಕು? ಕೋರ್ಟು ಇಬ್ಬರಿಗೂ ಮೂರು ವರ್ಷ ಪ್ರೊಬೇಷನ್ (ಹೊರಗಿದ್ದೇ ಕೋರ್ಟಿನ ನಿಗಾ), 3,000 ಡಾಲರ್ ದಂಡ ಹಾಕಿ ಬಿಟ್ಟಿತು. ಜೈಲಿಲ್ಲ. ಆಗ ಚೀನೀ, ಜಪಾನಿ, ಕೊರಿಯನ್, ಫಿಲಿಪಿನೊ ಎಲ್ಲರೂ ಒಟ್ಟಿಗೆ ಬೀದಿಗಿಳಿದರು. ಅವನ ತಾಯಿ ಲಿಲಿ ಚಿನ್ ಊರೂರು ತಿರುಗಿ ಅಳುತ್ತಲೇ ಮಾತಾಡಿದರು.

ಇದೆಲ್ಲ ನೆನಪಾಗಿದ್ದು ಯುಗಾದಿಯ ದಿನ, ಕನ್ನಡ ಕೂಟದ ಊಟದಲ್ಲಿ. ಪಕ್ಕದಲ್ಲಿದ್ದವರು ಮೊದಲು "ನಮ್ಮ ಮಕ್ಕಳು ಓದಿನಲ್ಲಿ ಮುಂದು" ಎಂದರು. ಒಬ್ಬಟ್ಟು ಬಡಿಸುವಷ್ಟರಲ್ಲಿ ಅದೇ ಬಾಯಲ್ಲಿ, "ಡೆಟ್ರಾಯಿಟ್ ಒಳಗೆ ಮನೆ ನೋಡಬೇಡಿ, ಕರಿಯರ ಏರಿಯಾ, ಅವರು ಹಾಗೇ" ಎಂದರು. ನಾನೇನು ಮಾಡಿದೆ ಗೊತ್ತಾ? ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡೆ. ಮಗ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದ.

ಅವನು ಈಗ ಡ್ರಮ್ಸ್ ಕಲಿಯುತ್ತಿದ್ದಾನೆ, ಮನೆಯಲ್ಲಿ ಕಿವಿ ಗಡಚಿಕ್ಕುತ್ತದೆ. ಮುಂದಿನ ಭಾನುವಾರ ಫೋನ್ ಮಾಡಿದಾಗ ಗಣಿತದ ಮಾರ್ಕ್ಸ್ ಕೇಳಬೇಡಿ ಅಪ್ಪ. ಡ್ರಮ್ಸ್ ಬಾರಿಸು ಅನ್ನಿ.

ಇಂತಿ ನಿಮ್ಮ ಮಗಳು