ಐರ್ಲೆಂಡ್ ಅಂದರೆ ಒಂದು ಮಾರ್ಕಿನ ಉತ್ತರವೇ?

ಮಾನ್ಯ ಸಂಪಾದಕರೇ,

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವವರೇ ಜಾಸ್ತಿ ಬರುತ್ತಾರೆ. ಅವರ ನೋಟ್ಸಿನ ಒಂದು ಸಾಲು ನನಗೂ ಬಾಯಿಪಾಠ: ‘ರಾಜ್ಯ ನಿರ್ದೇಶಕ ತತ್ವಗಳು – ಐರ್ಲೆಂಡ್’. ಅಂದರೆ ನಮ್ಮ ಸಂವಿಧಾನದ ಆ ಭಾಗವನ್ನು ಐರ್ಲೆಂಡಿನ ಸಂವಿಧಾನದಿಂದ ತೆಗೆದುಕೊಂಡದ್ದು ಅಂತ. ಮೊನ್ನೆ ಒಬ್ಬ ಹುಡುಗನಿಗೆ, ಐರ್ಲೆಂಡ್ ಎಲ್ಲಿದೆಯಪ್ಪಾ ಎಂದೆ. “ಇಂಗ್ಲೆಂಡಿನಲ್ಲೇ ಅಲ್ವಾ ಅಂಕಲ್?” ಅಂದ.

ನನಗೂ ಗೊತ್ತಿರಲಿಲ್ಲ, ಬಿಡಿ. ನಿವೃತ್ತ ಮೇಷ್ಟ್ರೊಬ್ಬರು ಜೆರಾಕ್ಸ್‌ಗೆ ಬಿಟ್ಟುಹೋದ ಪುಸ್ತಕವನ್ನು ಕರೆಂಟ್ ಹೋದಾಗೆಲ್ಲ ಓದಿದೆ. ಐರ್ಲೆಂಡ್ ಇಂಗ್ಲೆಂಡಿನ ಪಕ್ಕದ ಬೇರೆಯೇ ದ್ವೀಪ; ಆಗ ಅದೂ ಬ್ರಿಟಿಷರ ಕೈಯಲ್ಲಿತ್ತು. 1916ರಲ್ಲಿ ಅಲ್ಲಿನ ರಾಜಧಾನಿ ಡಬ್ಲಿನ್‌ನ ದೊಡ್ಡ ಪೋಸ್ಟಾಫೀಸು ಹಿಡಿದು ಸ್ವಾತಂತ್ರ್ಯ ಸಾರಿದವರು ಆರೇ ದಿನಕ್ಕೆ ಸೋತರು. ಊರವರೇ ಎಷ್ಟೋ ಮಂದಿ ಅವರನ್ನು ಬೈದರು. ಆಮೇಲೆ ಬ್ರಿಟಿಷರು ಮುಖಂಡರನ್ನು ಒಬ್ಬೊಬ್ಬರಾಗಿ ಗುಂಡಿಟ್ಟು ಕೊಂದರು. ಗಾಯಗೊಂಡು ನಿಲ್ಲಲೂ ಆಗದ ಜೇಮ್ಸ್ ಕಾನಲಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊಡೆದರು. ಜನ ತಿರುಗಿಬಿದ್ದರು. 1918ರ ಚುನಾವಣೆಯಲ್ಲಿ ಸ್ವಾತಂತ್ರ್ಯ ಕೇಳುತ್ತಿದ್ದ ಶಿನ್ ಫೇನ್ ಪಕ್ಷಕ್ಕೆ ಐರ್ಲೆಂಡಿನ 105ರಲ್ಲಿ 73 ಸೀಟು ಬಂತು.

ಐರ್ಲೆಂಡಿನ ಕಾರ್ಕ್ ನಗರದ ಮೇಯರ್ ಟೆರೆನ್ಸ್ ಮ್ಯಾಕ್‌ಸ್ವೀನಿ 1920ರಲ್ಲಿ 74 ದಿನ ಉಪವಾಸವಿದ್ದು ಬ್ರಿಟಿಷರ ಜೈಲಿನಲ್ಲೇ ಸತ್ತರು. 1929ರಲ್ಲಿ ಲಾಹೋರ್ ಜೈಲಿನಲ್ಲಿ ನಮ್ಮ ಕ್ರಾಂತಿಕಾರಿ ಜತಿನ್ ದಾಸ್ 63 ದಿನ ಉಪವಾಸ ಮಾಡಿ ತೀರಿಕೊಂಡಾಗ ಆ ಮೇಯರ್ ಮನೆಯವರು ತಂತಿ ಕಳಿಸಿದ್ದರು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಬ್ರಿಟಿಷರ ಜೊತೆ ಆದ 1921ರ ಒಪ್ಪಂದದಲ್ಲಿ ಐರ್ಲೆಂಡಿಗೆ ಸ್ವಂತ ಆಡಳಿತ ಸಿಕ್ಕಿತು, ಆದರೆ ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿಗೇ ಉಳಿದವು. ಒಪ್ಪಂದ ಬೇಕು, ಬೇಡ ಎಂದು ಜೊತೆಗಾರರೇ ಬಡಿದಾಡಿಕೊಂಡರು. ಹೋರಾಟದುದ್ದಕ್ಕೂ ಬ್ರಿಟಿಷರ ಕೈಗೆ ಸಿಗದ, ಒಪ್ಪಂದಕ್ಕೆ ಸಹಿ ಹಾಕಿದ್ದ ನಾಯಕ ಮೈಕೆಲ್ ಕಾಲಿನ್ಸ್ ತನ್ನದೇ ಜಿಲ್ಲೆಯಲ್ಲಿ ತನ್ನವರ ಗುಂಡಿಗೆ ಬಲಿಯಾದರು. ಒಪ್ಪಂದ ಬೇಡವೆಂದಿದ್ದ ಡಿ ವಲೇರಾ ಮುಂದೆ ಅಧಿಕಾರಕ್ಕೆ ಬಂದು 1937ರಲ್ಲಿ ಹೊಸ ಸಂವಿಧಾನ ತಂದರು. ನಮ್ಮ ಹುಡುಗರ ಒಂದು ಮಾರ್ಕು ಅಲ್ಲಿಂದ ಬಂದದ್ದು!

ಉತ್ತರದಲ್ಲಿ ಮಾತ್ರ, ಬ್ರಿಟನ್ ಜೊತೆಗೇ ಇರಬೇಕು ಎನ್ನುವವರಿಗೂ ಐರ್ಲೆಂಡಿಗೆ ಸೇರಬೇಕು ಎನ್ನುವವರಿಗೂ ನಡುವೆ ಮುಂದೆ ಮತ್ತೆ ಮೂವತ್ತು ವರ್ಷ ಬಾಂಬು, ಗುಂಡು. ಸುಮಾರು 3,500 ಜನ ಸತ್ತರು. 1998ರ ಶುಭ ಶುಕ್ರವಾರದ ಶಾಂತಿ ಒಪ್ಪಂದದಲ್ಲಿ, ಕದನವಿರಾಮ ಪಾಲಿಸುವ ಗುಂಪುಗಳ ಕೈದಿಗಳನ್ನು ಎರಡು ವರ್ಷದೊಳಗೆ ಬಿಡುವುದೂ ಸೇರಿತ್ತು. ಮನೆಯವರನ್ನು ಕೊಂದವನು ಹೊರಗೆ ಬರುತ್ತಾನೆ ಅಂತ ಗೊತ್ತಿದ್ದೂ ಓಟು ಹಾಕಬೇಕಿತ್ತು. ಉತ್ತರದಲ್ಲಿ ಶೇ 71 ಮಂದಿ ಒಪ್ಪಿದರು. ನನ್ನ ಕೈಲಿ ಆಗುತ್ತಿತ್ತೋ ಇಲ್ಲವೋ.

ನಿಮ್ಮ ಪತ್ರಿಕೆಯ ಸ್ಪರ್ಧಾತ್ಮಕ ಪರೀಕ್ಷೆ ಪುಟದಲ್ಲಿ ಪ್ರಶ್ನೆ, ಉತ್ತರದ ಕೆಳಗೆ ಇಂಥ ನಾಲ್ಕು ಸಾಲು ಕಥೆಯನ್ನೂ ಹಾಕಿ. ನಾನು ಹೇಳಿದ್ದನ್ನೆಲ್ಲ ಕೇಳಿದ ಆ ಹುಡುಗ, “ಇದು ಎಕ್ಸಾಮ್‌ಗೆ ಬರುತ್ತಾ ಅಂಕಲ್?” ಅಂದ. ಅವನ ಎರಡು ಪುಟದ ಜೆರಾಕ್ಸ್‌ಗೆ ನಾನು ದುಡ್ಡು ಇಸಿದುಕೊಳ್ಳಲಿಲ್ಲ.

– ಜೆರಾಕ್ಸ್ ಅಂಗಡಿಯವ, ವಿದ್ಯಾನಗರ, ದಾವಣಗೆರೆ