ಒಡೆದ ಬಲ್ಬನ್ನು ಎಸೆಯಬೇಡಿ

ಮಾನ್ಯ ಸಂಪಾದಕರೇ,

ತಿಪಟೂರಿನಲ್ಲಿ 26 ವರ್ಷದಿಂದ ಬೈಕ್ ರಿಪೇರಿ ಮಾಡುತ್ತಿದ್ದೇನೆ. ಒಂದು ರಾತ್ರಿ ನನ್ನ ಭಾವಮೈದನ ಬೈಕಿಗೆ ಎದುರಿನಿಂದ ಬಂದ ಕಾರು ಗುದ್ದಿತು. ಬಲಗಾಲು ಮುರಿದು ರಾಡ್ ಹಾಕಿದರು. ಅಪಘಾತ ಪರಿಹಾರದ ಎಂವಿಸಿ ಕೇಸಿನಲ್ಲಿ ಇನ್ಶೂರೆನ್ಸ್ ಕಡೆಯ ವಕೀಲರು ಒಂದೇ ಮಾತು ಹಿಡಿದರು: ಬೈಕಿನ ಹೆಡ್‌ಲೈಟ್ ಉರಿಯುತ್ತಿರಲಿಲ್ಲ. ಪರಿಹಾರದಲ್ಲಿ ಕಾಲು ಭಾಗ ಹೋಯಿತು.

2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಎಂಜಿನ್ ಚಾಲೂ ಆದರೆ ದೀಪ ತಾನೇ ಉರಿಯುತ್ತದೆ. ಅವನದು 2012ರ ಮಾಡೆಲ್, ಸ್ವಿಚ್ ಇರುವಂಥದ್ದು. ನಿಜ ಹೇಳಬೇಕೆಂದರೆ ಅವನು ದೀಪ ಹಾಕಿದ್ದನೋ ಇಲ್ಲವೋ ನಾನೂ ಆಣೆ ಮಾಡಿ ಹೇಳಲಾರೆ. ಆದರೆ ಬಲ್ಬಿನೊಳಗಿನ ತಂತಿ (ಫಿಲಮೆಂಟ್) ಹೇಳುತ್ತಿತ್ತು.

ಉರಿಯುವಾಗ ಆ ತಂತಿ ಬೆಳ್ಳಗೆ ಕಾದು ಮೆತ್ತಗಿರುತ್ತದೆ. ಜೋರಾಗಿ ಗುದ್ದಿದರೆ ಹಳೇ ಪೆನ್ನಿನ ಸ್ಪ್ರಿಂಗ್ ಎಳೆದ ಹಾಗೆ ಜಗ್ಗಿ ಸೊಟ್ಟಗಾಗುತ್ತದೆ. ಗಾಜೂ ಒಡೆದರೆ ಗಾಳಿ ತಾಗಿ ಸುಟ್ಟು ಬಿಳಿ, ಹಳದಿ ಪುಡಿ ಕೂರುತ್ತದೆ. ಆರಿದ್ದರೆ ಹಾಗಲ್ಲ. ತಂತಿ ಪಟ್ಟನೆ ತುಂಡಾಗುತ್ತದೆ, ಹೊಳಪು ಹಾಗೇ ಉಳಿಯುತ್ತದೆ. ಭೂತಗನ್ನಡಿ ಸಾಕು ನೋಡೋಕೆ. ಈಗಿನ ಎಲ್‌ಇಡಿಯಲ್ಲಿ ಈ ತಂತಿ ಇಲ್ಲ, ಅದು ಬೇರೆ ಮಾತು.

ಬೈಕ್ ಠಾಣೆಯ ಅಂಗಳದಲ್ಲಿ 47 ದಿನ ಮಳೆಯಲ್ಲಿ ನಿಂತಿತ್ತು. ಬಿಡಿಸಿಕೊಂಡು ಬಂದಾಗ ಹೆಡ್‌ಲೈಟಿನ ಡೂಮ್ ವೈರಿನಲ್ಲಿ ನೇತಾಡುತ್ತಿತ್ತು, ಬಲ್ಬಿನ ಹೋಲ್ಡರ್ ಖಾಲಿ. ಬ್ರೇಕ್ ಇನ್ಸ್‌ಪೆಕ್ಟರ್ ಗಾಡಿ ತಪಾಸಣೆ ಮಾಡಿ ಕೊಟ್ಟ ಐಎಂವಿ ರಿಪೋರ್ಟಿನಲ್ಲಿ ಮೂರೇ ಸಾಲು: ಮುಂದಿನ ಚಕ್ರ ಬೆಂಡ್, ಹೆಡ್‌ಲೈಟ್ ಡ್ಯಾಮೇಜ್, ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವಲ್ಲ. ಒಡೆದಾಗ ಉರಿಯುತ್ತಿತ್ತಾ ಅಂತ ಯಾರೂ ನೋಡಲಿಲ್ಲ.

ಸ್ಪಾಟ್ ಮಹಜರಿನ ಸ್ಕೆಚ್ಚೂ ಅಷ್ಟೇ. 'ಟೈರ್ ಉಜ್ಜಿದ ಗುರುತು ಇದೆ' ಅಂತ ಬರೆದಿದ್ದಾರೆ, ಎಷ್ಟು ಉದ್ದ ಅಂತಿಲ್ಲ. ಒಣ ಟಾರು ರಸ್ತೆಯಲ್ಲಿ ನಾಲ್ಕೂ ಚಕ್ರ ಹಿಡಿದು 18 ಮೀಟರ್ ಉಜ್ಜಿ ನಿಂತ ಕಾರು ಹೆಚ್ಚುಕಡಿಮೆ ಗಂಟೆಗೆ 55 ಕಿ.ಮೀ. ವೇಗದಲ್ಲಿತ್ತು ಅಂತ ಲೆಕ್ಕ ಹಾಕಬಹುದು. ನಡುವೆ ಬೈಕಿಗೆ ಗುದ್ದಿದ್ದರೆ ಇನ್ನೂ ಜಾಸ್ತಿ. ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಹಿಡಿಯದಂತೆ ತಡೆಯುವ ಎಬಿಎಸ್ ಇರುವ ಕಾರಿನ ಗುರುತು ತೀರಾ ತೆಳು, ಒಂದು ಮಳೆಗೆ ಮಾಯ. ಎಷ್ಟೋ ಕಾರುಗಳಲ್ಲಿ ಏರ್‌ಬ್ಯಾಗಿನ ಕಂಪ್ಯೂಟರ್ ಕೊನೆಯ ಕೆಲವು ಸೆಕೆಂಡಿನ ವೇಗ, ಬ್ರೇಕ್ ಒತ್ತಿದ್ದು ಎಲ್ಲ ಇಟ್ಟುಕೊಂಡಿರುತ್ತದೆ. ಇದನ್ನೆಲ್ಲ ಒಬ್ಬ ನಿವೃತ್ತ ಎಂಜಿನಿಯರು ನನಗೆ ಹೇಳಿದರು, ಕೇಸು ಮುಗಿದ ಮೇಲೆ!

2022ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ವರದಿ ಕೊಡಬೇಕು, ಸ್ಥಳದ ಮತ್ತು ಗಾಡಿಗಳ ಫೋಟೊ ತೆಗೆಯಬೇಕು. ಹೇಗೂ ಫೋಟೊ ತೆಗೆಯುತ್ತಾರಲ್ವಾ, ಹೆಡ್‌ಲೈಟಿನ ಒಳಗಿನದೂ ಒಂದು ತೆಗೆಯಲಿ. ಬಲ್ಬನ್ನು ಕವರಿಗೆ ಹಾಕಿ ಸೀಲ್ ಮಾಡಲಿ. ಟೈರಿನ ಗುರುತಿಗೆ ಟೇಪ್ ಹಿಡಿಯಲಿ. ಹತ್ತು ನಿಮಿಷದ ಕೆಲಸ.

ಅಪಘಾತದ ಗಾಡಿ ನನ್ನ ಗ್ಯಾರೇಜಿಗೆ ಬಂದರೆ ಈಗ ಮೊದಲು ಕೇಸು ಮುಗಿದಿದೆಯಾ ಅಂತ ಕೇಳುತ್ತೇನೆ. ಇಲ್ಲ ಅಂದರೆ ಹೆಡ್‌ಲೈಟಿಗೆ ಸುಮ್ನೆ ಪ್ಲಾಸ್ಟಿಕ್ ಸುತ್ತಿ ಕಟ್ಟಿ, ವಕೀಲರನ್ನು ಕರೆದುಕೊಂಡು ಬನ್ನಿ ಎನ್ನುತ್ತೇನೆ.

— ಒಬ್ಬ ಮೆಕ್ಯಾನಿಕ್, ತಿಪಟೂರು